ಬೋರೇಶ್ವರ ಬ್ಯಾಂಡಿನ ಡಾಟ್ ಸಮರ

ಕೇಳಿರಯ್ಯ ಸಜ್ಜನರೇ! ಕಲಿಯುಗವು ತಂತಿಯಿಲ್ಲದ ಜಾಲದಲ್ಲಿ ಸಿಲುಕಿ, ನರರೆಲ್ಲ ಅಂಗೈಯಗಲದ ಗಾಜಿನ ಮೇಲೆ ಹೆಬ್ಬೆರಳನ್ನೂರಿ ಲೋಕಸಂಚಾರಗೈಯುತ್ತಿದ್ದ ಕಾಲದಲ್ಲಿ, ಮಂಡ್ಯಮಂಡಲತಿಲಕಪ್ರಾಯವಾದ ಮದ್ದೂರುಪುರದಲ್ಲಿ, ದಿಬ್ಬಣಾಗ್ರೇಸರನೂ, ಕಪೋಲಪವನಪೂರಿತತುತ್ತೂರೀಧರನೂ, ಸುಖನಿದ್ರಾಮಗ್ನಬಂಧುಜನಭಯಂಕರನೂ ಆದ ಬೋರಲಿಂಗಯ್ಯನೆಂಬ ವೀರನಿದ್ದನು. ಶ್ರೀ ಬೋರೇಶ್ವರ ಬ್ರಾಸ್ ಬ್ಯಾಂಡಿನ ಒಡೆಯನಾದ ಆತನು ಊದಿದನೆಂದರೆ ಚಪ್ಪರದ ಮಾವಿನೆಲೆಗಳು ನಡುಗುತ್ತಿದ್ದವು. ಮದುಮಗನ ಕುದುರೆ ಹಿಂದುಹಿಂದಕ್ಕೆ ನಡೆಯುತ್ತಿತ್ತು.

ಇಂತಿರಲು, ಡಿ.ಜೆ. ಎಂಬ ದೈತ್ಯನು ಜಾಲದಲ್ಲಿ ನೆಲೆಯೂರಿ ಊರ ಮದುವೆಗಳನ್ನೆಲ್ಲ ನುಂಗತೊಡಗಿದನು. ತಾನೂ ಅಲ್ಲೊಂದು ಕೋಟೆ ಕಟ್ಟದೆ ಗತಿಯಿಲ್ಲವೆಂದು ವೀರನಿಗೆ ಅರಿವಾಯಿತು. ವೆಬ್‌ಸೈಟ್ ಕಟ್ಟುವ ಪ್ರಫುಲ್ಲೆಯು ಫೋನಿನಲ್ಲಿ, “ಬೋರೇಶ್ವರ ಅಂತ ಹೆಸರು ಸಿಗುತ್ತೆ ಸರ್. ಡಾಟ್ ಆದ್ಮೇಲೆ ಏನ್ ಹಾಕ್ಲಿ? ಕಾಮ್ ಇದೆ, ಬ್ಯಾಂಡ್ ಅಂತಲೂ ಇದೆ” ಎಂದದ್ದೇ ತಡ, ಬ್ಯಾಂಡಿನ ಅಂಗಡಿಯು ರಣಾಂಗಣವಾಯಿತು.

“ಅಣ್ಣೋ, ಕಾಮ್ ಅನ್ನು! ಪರ್ಪಂಚಕ್ಕೆಲ್ಲ ಗೊತ್ತಿರೋದು ಅದೊಂದೇಯ” ಎಂದು ಗರ್ಜಿಸಿದನು ಡ್ರಮ್ಮಿನ ಕೆಂಪರಾಜು, ವೀರನ ಒಡಹುಟ್ಟಿದ ತಮ್ಮ.

“ಥೂ ನಿನ್ನ! ಹೆಣ್ಣಿನ ಕಡೆಯೋರ ಮುಂದೆ ನಿಂತ್ಕಂಡು ಕಾಮ ಕಾಮ ಅನ್ಲೇನ್ಲಾ? ಊದಿ ಊದಿ ಊರ್ ಗುಡ್ಡ ಬಿರುಕು ಬಿಡ್ಸಿದೋನು ಕಣ್ಲಾ ನಾನು! ಬ್ಯಾಂಡಿಗೆ ಡಾಟ್ ಬ್ಯಾಂಡೇ ಸೈ!”

“ನಾನ್ ಬಡುದ್ರೆ ಚಟ್ಟದ ಮೇಲಿರೋನೂ ಎದ್ದು ಕುಣೀತಾನೆ! ಕಾಮ್ ಇಲ್ದಿದ್ರೆ ನನ್ ಡ್ರಮ್ಮೂ ಇಲ್ಲ, ಓಯ್ತೀನಿ!”

ಆಗ ತುತ್ತೂರಿ ಮೊರೆಯಿತು, ಡ್ರಮ್ಮು ಗುಡುಗಿತು; ಎದುರುಮನೆಯ ಎಮ್ಮೆಯು ಹಗ್ಗ ಹರಿದುಕೊಂಡು ಹೆದ್ದಾರಿಯ ಕಡೆಗೆ ಪಲಾಯನಗೈದಿತು. “ಸರ್? ಹಲೋ?” ಎಂಬ ಪ್ರಫುಲ್ಲೆಯ ಕ್ಷೀಣಧ್ವನಿಯನ್ನು ಆಲಿಸುವವರಿಲ್ಲವಾಯಿತು. ಕಡೆಗೆ ಕೆಂಪರಾಜು ಡ್ರಮ್ಮನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಿದನು. ಬೋರಲಿಂಗಯ್ಯನು ತುತ್ತೂರಿಯನ್ನು ಕೆಳಗಿಳಿಸಿದನು. ಕೋಲು ಹಿಡಿಯುವುದನ್ನು ಕೈಹಿಡಿದು ಕಲಿಸಿದ ತಮ್ಮ! ಅವನಿಲ್ಲದ ಮೆರವಣಿಗೆಯಲ್ಲಿ ತನ್ನ ತುತ್ತೂರಿ ಒಂಟಿ ಕೊಕ್ಕರೆಯಂತೆ ಕೂಗೀತಲ್ಲವೇ?

“ಲೇ, ನಿಂತ್ಕೊಳ್ಲಾ,” ಎಂದನು. “ಹೆಸ್ರಿನ ಕೊನೇಲಿ ಬ್ಯಾಂಡ್ ಅಂತ್ಲೇ ಇರ್ಲಿ. ಫೋಟೊ ಮಾತ್ರ ನಿಂದು ಮೇಲ್ಗಡೆ, ನಂದು ಕೆಳಗೆ.”

ತಮ್ಮನು ನಿಂತನು. “ದೊಡ್ದಾಗಿ ಹಾಕುಸ್ಬೇಕು.”

“ಹಾಕುಸ್ತೀನಿ.”

ಸಂಧಿಯಾಯಿತು. ವಾರದೊಳಗೆ ಅಂಗಡಿಯ ನೆತ್ತಿಯ ಮೇಲೆ ‘ಬೋರೇಶ್ವರ ಡಾಟ್ ಬ್ಯಾಂಡ್’ ಎಂಬ ವಿಜಯಪತಾಕೆಯು ಆಂಗ್ಲಾಕ್ಷರಗಳಲ್ಲಿ ಝಗಝಗಿಸಿತು.

ಮರುದಿನ ಬೆಳಿಗ್ಗೆ ವೀರನು ಹಲ್ಲುಜ್ಜುತ್ತಿರಲು ಫೋನು ಮೊಳಗಿತು. ಪಕ್ಕದೂರಿನ ಯಜಮಾನ ಚಲುವೇಗೌಡರು.

“ಏನಪ್ಪ ಬೋರಲಿಂಗ, ಬಸ್ಸಲ್ಲಿ ಓಯ್ತಾ ನಿನ್ ಬೋರ್ಡ್ ನೋಡ್ದೆ. ಬೋರೇಶ್ವರ ಬಂದ್ ಅಂತ ಬರ್ಸಿದ್ದೀಯಲ್ಲ, ಯಾಕ್ ನಿಲ್ಲುಸ್ಬುಟ್ಟೆ? ಮಗಳ ಮದ್ವೆಗೆ ಡಿ.ಜೆ.ಗೇ ಹೇಳ್ಬುಡ್ಲಾ?”

“ಅಯ್ಯೋ, ಬಂದ್ ಅಲ್ಲ ಗೌಡ್ರೇ, ಅದು ಬ್ಯಾಂಡು!”

“ಬಿ, ಎ, ಎನ್, ಡಿ, ಬಂದ್ ಅಂತ್ಲೇ ಅಯ್ತೆ, ನಾನೇ ಓದಿವ್ನಿ.”

ದಿಬ್ಬಣಾಗ್ರೇಸರನು ಬಾಯಿಯ ನೊರೆಯನ್ನುಗುಳಿ, ಜಾರುತ್ತಿದ್ದ ಲುಂಗಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ತುತ್ತೂರಿಯನ್ನೆತ್ತಿ, ಕಲ್ಲಿನ ಮೇಲಿಟ್ಟ ಫೋನಿನೊಳಕ್ಕೆ ಪೂರ್ಣಶಕ್ತಿಯಿಂದ ಊದಿದನು.

“ಸಾಕು ಬುಡಪ್ಪ, ಕಿವಿ ಓಯ್ತು,” ಎಂದರು ಗೌಡರು. “ತಗ್ದಯ್ತೆ ಅಂತ ಒಂದ್ ಮಾತ್ ಏಳಿದ್ರೆ ಆಯ್ತಿರ್ಲಿಲ್ವಾ?”