ಟವೆಲ್ಲಿನ ಕೆಳಗೆ ಉಳಿದ ಜೌಗು

ನನ್ನ ಸೋದರಮಾವನಿಗೆ ದೇವರು ಬಾಯಿ ಕೊಟ್ಟಿದ್ದು ಎಲೆ ಅಡಿಕೆ ಹಾಕಿಕೊಳ್ಳಲಿಕ್ಕೆ ಮಾತ್ರ. ಮಾತೆಲ್ಲ ಬೆರಳಲ್ಲಿ, ಅದೂ ಟವೆಲ್ಲಿನ ಕೆಳಗೆ! ಜಗಳೂರು ಕಡೆಯ ದನದ ದಲ್ಲಾಳಿ. ಸಂತೆಯಲ್ಲಿ ಕೈಮೇಲೆ ಟವೆಲ್ ಹೊದಿಸಿ, ಬೆರಳೊತ್ತಿ ದರ ಹೇಳುವುದು ದಲ್ಲಾಳಿಗಳ ಪದ್ಧತಿ. ಸರಿ, ಬಸ್ಸಿನಲ್ಲೂ ಹಾಗೆ ಮಾಡುವುದೆ? ಕಂಡಕ್ಟರ್ ಹೌಹಾರಿ ಸೀಟಿ ಊದಿಬಿಟ್ಟಿದ್ದ! ನನಗೆ ಹೆಣ್ಣು ನೋಡಲು ಹೊನ್ನಾಳಿಗೆ ಹೋದಾಗ ಹೆಣ್ಣಿನ ತಂದೆಯ ಕೈಗೂ ಟವೆಲ್ ಹಾಕಿದ. ಅವರಿಗೋ ವಿಪರೀತ ಕಚಗುಳಿ, ನಗುತ್ತಲೇ ಒಪ್ಪಿಬಿಟ್ಟರು. ಆ ವ್ಯಾಪಾರ ಊರ್ಜಿತವಲ್ಲವೆಂದು ನನ್ನ ಹೆಂಡತಿ ಇಂದಿಗೂ ವಾದಿಸುತ್ತಾಳೆ.

ಎಂಬತ್ತರ ದಶಕದ ಮಾತು. ನಾನು ನ್ಯಾಮತಿಯಲ್ಲಿ ಬರಿಗೈಯಲ್ಲಿ ಇಟ್ಟಿಗೆ ಭಟ್ಟಿ ಹಾಕಿ ಮೇಲೆ ಬಂದವನು. ಚನ್ನಗಿರಿ ಹತ್ತಿರದ ಕೆರೆಯೊಂದರ ಮೂಲೆಯಲ್ಲಿ ಜೊಂಡಿನ ಬೇರು ಕೊಳೆತು ಕಪ್ಪಗೆ ಹೆಪ್ಪುಗಟ್ಟಿದ ಜೌಗಿತ್ತು. ಆ ಮಣ್ಣು ಒಣಗಿದರೆ ಸೌದೆಯ ಹಾಗೆ ಉರಿಯುತ್ತದೆ! ನನಗೆ ಉರುವಲು ಬೇಕು, ಕೆರೆ ನೋಡಿಕೊಳ್ಳುವ ಸರ್ಕಾರಿ ಇಂಜಿನಿಯರಿಗೆ ಖರ್ಚಿಲ್ಲದೆ ಅದು ಆಳವಾಗಬೇಕು. ಐದು ಮೊಳ ತೋಡುವುದೆಂದು ಇಬ್ಬರೂ ಒಪ್ಪಿದೆವು. ಸರ್ಕಾರ, ವ್ಯಾಪಾರಿ ಇಷ್ಟು ಬೇಗ ಒಂದಾದರೆ ನೆಲಕ್ಕೆ ಉಳಿಗಾಲವುಂಟೆ?

ಸುದ್ದಿ ಕೇಳಿ ಮಾವ, ನಾನೂ ಇಂಜಿನಿಯರೂ ಅಳತೆ ಹಾಕುತ್ತಿದ್ದ ಕೆರೆಗೆ ಮೊದಲ ಬಸ್ಸಿಗೇ ಬಂದಿಳಿದ.

"ಲೇ ಅಳಿಯ, ಬ್ಯಾಸಿಗೇಲಿ ದನ ಹೊಡ್ಕಂಡು ಬರುವಾಗ ನೀರು ಸಿಗಾದು ಈ ಜೌಗಲ್ಲೇ. ಬುಡ ಕಿತ್ರೆ ನೀರು ಹಿಡಿಯಾಕೆ ಏನೈತೆ?"

"ಮಾತಾಗೈತೆ, ಮಾವ."

"ಮಾತು ಯಾವನಿಗೆ ಬೇಕು? ಕೈ ತಾ! ಸಾಹೇಬ್ರೆ, ನಿಮ್ದೂ ಕೊಡ್ರಿ!"

ಒಂದೇ ಟವೆಲ್, ಬಲಗೈಯಲ್ಲಿ ಸರ್ಕಾರ, ಎಡಗೈಯಲ್ಲಿ ನಾನು. ಇಂಜಿನಿಯರ್ ಧಾರೆಗೆ ನಿಂತ ಮದುಮಗನಂತೆ ಬೆವರುತ್ತಿದ್ದರು. ನನ್ನ ಎರಡು ಬೆರಳು ಒತ್ತಿ, ಮಾವ ಅವರತ್ತ ಹುಬ್ಬು ಹಾರಿಸಿದ. ಅವರು ತಲೆಯಾಡಿಸಿದರು. ಸಾಹೇಬರೇ ಎರಡು ಮೊಳಕ್ಕೆ ಇಳಿದರೆಂದು ನಾನೂ ತಲೆಯಾಡಿಸಿದೆ.

"ಮುಗೀತು! ಎರಡೇ ಮೊಳ. ಬೇರಿನ ಬುಡ ಮುಟ್ಟಂಗಿಲ್ಲ!"

ಆಮೇಲೆ ಚಹಾದಂಗಡಿಯಲ್ಲಿ ಇಂಜಿನಿಯರ್ ಕೇಳಿದರು: "ಅಲ್ರೀ, ನೀವ್ಯಾಕೆ ಎರಡಕ್ಕೆ ಇಳಿದ್ರಿ?"

"ನಾನಾ? ನೀವಲ್ವಾ ಸಾರ್ ಇಳಿದಿದ್ದು!"

ಮಾವ ಅಷ್ಟರಲ್ಲಿ ಬಸ್ಸು ಹತ್ತಿದ್ದ!

ಆ ಬೇಸಿಗೆ ಸುತ್ತಲ ಕೆರೆಗಳು ಬಿರುಕುಬಿಟ್ಟವು. ನಮ್ಮ ಜೌಗಿನಲ್ಲಿ ನೀರು ಜಿನುಗುತ್ತಲೇ ಇತ್ತು. ಜಗಳೂರಿನ ದನಗಳು ಬಾಲ ಬೀಸುತ್ತ ಕುಡಿದವು. ಇಂಜಿನಿಯರಿಗೆ ಮೇಲಿನವರಿಂದ ಶಹಬಾಸ್‌ಗಿರಿ! ವರ್ಷಕ್ಕೊಂದು ಪಕ್ಕದಂತೆ ಮೇಲಿನ ಎರಡೇ ಮೊಳ ಮಣ್ಣು ತೆಗೆದರೂ ನನ್ನ ಭಟ್ಟಿ ಆರಲಿಲ್ಲ. ವ್ಯಾಪಾರಕ್ಕಿಳಿಯುವವರು ಇದೊಂದು ನೆನಪಿಡಿ: ಕರುವಿಗೆ ಬಿಟ್ಟು ಹಾಲು ಕರೆಯಿರಿ.

ಕೊನೆಗಾಲದಲ್ಲಿ ಮಾವನಿಗೆ ಲಕ್ವ ಹೊಡೆದು ನಾಲಿಗೆ ಬಿದ್ದುಹೋಯಿತು. ನೋಡಲು ಹೋದವನ ಕೈಮೇಲೆ, ತಡವರಿಸುತ್ತ ತಾನೇ ಟವೆಲ್ ಎಳೆದ. ಎರಡು ಬೆರಳು ಒತ್ತಿದ. ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ನಾನು ಅಂದು ಮಾಡಲಿಲ್ಲ.

"ಎರಡೇ ಮೊಳ, ಮಾವ," ಎಂದೆ.

ವ್ಯಾಪಾರ ಮುಗಿದಿತ್ತು. ಆದರೂ ಅವನು ಕೈ ಬಿಡಲಿಲ್ಲ. ನಾನೂ ಟವೆಲ್ ತೆಗೆಯಲಿಲ್ಲ.