ತಾರಸಿಯ ಮೇಲೊಂದು ಮರುಭೂಮಿ

ಒಣಪ್ರದೇಶಗಳಲ್ಲಿ ಬಿಸಿಲಿನಿಂದ ನೀರನ್ನು ಭಟ್ಟಿ ಇಳಿಸುವ ಸಣ್ಣ ಘಟಕಗಳ ಅರ್ಥಶಾಸ್ತ್ರ. ಇದು ನನ್ನ ಸಂಶೋಧನೆಯ ವಿಷಯ. ನಾನಿರುವುದು ಮಳೆ ಸುರಿಯುವ ಮಲೆನಾಡಿನ ಸಾಗರದಲ್ಲಿ! ಆದರೂ ಏಪ್ರಿಲ್ ತಿಂಗಳ ಬಿಸಿಲಿನ ಮೇಲೆ ನನಗೆ ಅಪಾರ ಭರವಸೆ.

ಫೆಲೋಶಿಪ್‌ಗಾಗಿ ಆನ್‌ಲೈನ್ ಸಂದರ್ಶನ ಹತ್ತಿರ ಬಂದಿತ್ತು. ಅದೇ ಹೊತ್ತಿಗೆ ಮನೆಯ ಇನ್ವರ್ಟರ್ ಬ್ಯಾಟರಿಯ ನೀರು ತಳ ಕಂಡಿತು.

"ಪೇಟೆಗೆ ಹೋಗಿ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ತಂದ್ರೆ ಆತಲೆ?" ಎಂದು ನನ್ನ ಗಂಡ ರಘು ಬೈಕಿನ ಕೀಲಿ ತೆಗೆದ.

"ದುಡ್ಡು ಯಾಕೆ? ಬಿಸ್ಲು ಪುಕ್ಕಟೆ ಇದ್ದು!" ಎಂದೆ.

ತಾರಸಿಯ ಮೇಲೆ ಘಟಕ ಸ್ಥಾಪನೆಯಾಯಿತು. ಕಪ್ಪು ಬಣ್ಣ ಬಳಿದ ತಗಡಿನ ಪೆಟ್ಟಿಗೆ, ಓರೆಯಾದ ಗಾಜಿನ ಮುಚ್ಚಳ, ಹನಿ ಹಿಡಿಯಲು ಬಾಟಲಿ. ಒಳಗೆ ಬಾವಿನೀರು. ಮೊದಲ ಹನಿ ಬಿದ್ದಾಗ ನಾನು ಕುಣಿದೆ. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು!

ಅತ್ತೆ ಹಲಸಿನ ಹಪ್ಪಳದ ಚಾಪೆ ಹಿಡಿದು ಮೇಲೆ ಬಂದರು.

"ಎಂತ ಕೂಸೆ ಇದು? ಬಿಸ್ಲು ಬೀಳೋ ಜಾಗ ಎಲ್ಲ ಇದೇ ಹಿಡ್ಕಂಜು!"

"ವಿಜ್ಞಾನ, ಅತ್ತೆ."

"ನಿನ್ನ ವಿಜ್ಞಾನ ನೆರಳಲ್ಲಿ ಆಗ್ತಿಲ್ಯಾ?"

ಸಂದರ್ಶನದ ಹಿಂದಿನ ದಿನ ನಾನು ಹೊಸನಗರದ ನೆಂಟರ ಮನೆಯ ಉಪನಯನಕ್ಕೆ ಹೋಗಬೇಕಾಯಿತು. "ಅತ್ತೆ, ಪೆಟ್ಟಿಗೆ ಹತ್ರ ಕಾಗೆ ಬರದಾಂಗೆ ನೋಡ್ಕಳಿ" ಎಂದು ಘಟಕವನ್ನು ಅವರ ಸುಪರ್ದಿಗೆ ಒಪ್ಪಿಸಿದೆ.

ಸಂಜೆ ಬಂದು ನೋಡಿದರೆ ಬಾಟಲಿ ಅರ್ಧ ತುಂಬಿತ್ತು! ಸಂಭ್ರಮದಿಂದ ಮೂಸಿದೆ. ಜೀರಿಗೆ. ಆಮೇಲೆ ಮೆಣಸಿನಕಾಯಿ.

ಮುಚ್ಚಳ ತೆಗೆದೆ. ಬಾವಿನೀರು ನಾಪತ್ತೆ. ಒಳಗೆ ಒತ್ತೊತ್ತಾಗಿ ಹಲಸಿನ ಹಪ್ಪಳ!

"ಕಾಗೆ ನೋಡ್ಕಳಿ ಹೇಳಿದ್ದು ನೀನೇ ಅಲ್ದಾ?" ಅತ್ತೆಗೆ ಪರಮಾನಂದ. "ನಾನೇ ನೀರು ಚೆಲ್ಲಿ ಹಪ್ಪಳ ಹಾಕಿದಿ. ಗಾಜಿದ್ದಲೆ, ಒಂದು ಕಾಗೆನೂ ಹತ್ರ ಬಂಜಿಲ್ಲೆ! ಬಾಟ್ಲಿಲಿ ನಿನ್ನ ನೀರೂ ಬಂಜು."

ಹಪ್ಪಳದ ಬೆವರನ್ನು ಬ್ಯಾಟರಿಗೆ ಕುಡಿಸುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಅಂಗಡಿಯೂ ಮುಚ್ಚಿತ್ತು.

ಮರುದಿನ ಸಂದರ್ಶನದ ನಡುವೆ ಕರೆಂಟು ಹೋಯಿತು. ಇನ್ವರ್ಟರ್ ಕುಂಯ್‌ಗುಡತೊಡಗಿತು. ನಾನು ಅವಸರದಲ್ಲಿ ಮುಖ್ಯಾಂಶಕ್ಕೆ ಬಂದೆ: "ಈ ಘಟಕದ ಕಚ್ಚಾವಸ್ತುವಾದ ಬಿಸಿಲು ಸಂಪೂರ್ಣ ಉಚಿತ..."

ಹಿಂದಿನಿಂದ ಅತ್ತೆಯ ದನಿ: "ಎಂತ ಉಚಿತ? ಆ ಬಿಸ್ಲಿಗೆ ಇಡೀ ಕೇರಿ ಹಪ್ಪಳ ಕಾಯ್ತಾ ಇದ್ದು!"

ಪರದೆಯ ಮೇಲೆ ಮೂವರು ಪ್ರಾಧ್ಯಾಪಕರು ಒಟ್ಟಿಗೆ ನಕ್ಕರು. ಇನ್ವರ್ಟರ್ ಪ್ರಾಣ ಬಿಟ್ಟಿತು.

ಎರಡು ದಿನದ ನಂತರ ಅವರಲ್ಲೊಬ್ಬರ ಫೋನ್ ಬಂತು.

"ನಿಮ್ಮ ಅತ್ತೆಯವರು ಹೇಳಿದ್ದು ಸರಿ. ಬಿಸಿಲಿಗೂ ಬೆಲೆ ಕಟ್ಟಿ ಇನ್ನೊಮ್ಮೆ ಅರ್ಜಿ ಹಾಕಿ. ಅಂದ ಹಾಗೆ, ಆ ಹಪ್ಪಳ ಮಾರಾಟಕ್ಕಿದೆಯೇ?"

ಫೋನನ್ನು ಅತ್ತೆಯ ಕೈಗಿತ್ತೆ. ಅವರು ಆರ್ಡರ್ ತೆಗೆದುಕೊಳ್ಳುತ್ತಿದ್ದಂತೆ, ನಾನು ಖಾಲಿ ಕ್ಯಾನ್ ಹಿಡಿದು ರಘುವಿನ ಬೈಕಿನ ಹಿಂದೆ ತೆಪ್ಪಗೆ ಕುಳಿತೆ.