ಮೈಕ್ ಟೆಸ್ಟ್ ಮಾಡಿ ಒಳಗೆ ಬನ್ನಿ

ನಮ್ಮ ಸೋದರಮಾವ ಊದಿ ನೋಡದೆ ಈ ಲೋಕದಲ್ಲಿ ಯಾವುದನ್ನೂ ನಂಬುವವರಲ್ಲ! ಗುಬ್ಬಿಯಲ್ಲಿ ಮೂವತ್ತು ವರ್ಷ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಟ್ಟ ಆಸಾಮಿ. ಫೋನ್ ಎತ್ತಿದರೂ ಮೊದಲು ‘ಉಫ್ ಉಫ್’, ಆಮೇಲೆ ‘ಹಲೋ ಹಲೋ ಮೈಕ್ ಟೆಸ್ಟ್’, ಆಮೇಲೇ ಯೋಗಕ್ಷೇಮ. ಕುಣಿಗಲ್ಲಿನ ಒಂದು ಮದುವೆಯಲ್ಲಂತೂ ಮಂತ್ರ ಹೇಳುತ್ತಿದ್ದ ಪುರೋಹಿತರ ಕೈಯಿಂದ ಮೈಕು ಕಿತ್ತುಕೊಂಡು ಊದಿ, ‘ಈಗ ಶುರು ಮಾಡಿ ಸ್ವಾಮಿ, ಇಲ್ಲೀಗಂಟ ಹೇಳಿದ್ದು ಯಾರಿಗೂ ಕೇಳಿಲ್ಲ’ ಅಂದಿದ್ದರಂತೆ. ದೇವರೂ ಆ ‘ಯಾರಿಗೂ’ ಒಳಗೆ ಬಂದನೋ ಏನೋ!

ಇಂಥವರ ಮನೆಯಲ್ಲೇ ಅತ್ತೆಯ ಕಿವಿ ಮಂದವಾಯಿತು. ಕಿವಿಗೆ ಮಿಷನ್ ಹಾಕಿದರೆ ತಲೆಯೊಳಗೆ ಸಂತೆ ಸೇರಿದಂತಾಗುತ್ತದೆಂದು ಅದನ್ನು ಡಬ್ಬಿಯಲ್ಲಿಟ್ಟರು. ಅವರ ಬೀದಿಯಲ್ಲಿ ಯಾರೂ ಬೆಲ್ ಒತ್ತುವುದಿಲ್ಲ. ಗೇಟಿನಲ್ಲಿ ನಿಂತು ‘ಅಕ್ಕೋ’ ಎನ್ನುವುದೇ ಪದ್ಧತಿ. ಹೂವಿನವಳು, ಪಕ್ಕದ ಮನೆಯವರು ಕೂಗಿ ಕೂಗಿ ವಾಪಸ್ ಹೋಗತೊಡಗಿದರು. ಯಾರಿಗೂ ತಾನು ಬೇಡವಾದೆ ಅಂದುಕೊಂಡು ಅತ್ತೆ ಅಡುಗೆಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದರು.

ಮಾವ ತೀರ್ಮಾನಿಸಿದರು: ಗೇಟಿನಲ್ಲಿ ಮೈಕು, ಅಡುಗೆಮನೆಯಲ್ಲಿ ದೀಪ. ಕೂಗಿದರೆ ದೀಪ ಹತ್ತಬೇಕು. ಒಂದು ಸ್ವಿಚ್ಚು ಸಾಕಲ್ಲ ಅಂದೆ.

‘ಅಕ್ಕೋ ಅನ್ನೋದು ಬುಟ್ಟು ಜನ ಗುಂಡಿ ಒತ್ತಬೇಕೇನ್ಲಾ?’

ನಾನು ತುಮಕೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವವನು. ಒಂದು ಪುಟ್ಟ ಕಂಟ್ರೋಲರ್ ಬೋರ್ಡು, ಉಗುರಿನಷ್ಟಗಲದ ಎರಡು ಮೈಕ್ ಮಾಡ್ಯೂಲು ಒಯ್ದೆ. ಒಂದು ಅನಲಾಗ್, ಇನ್ನೊಂದು ಡಿಜಿಟಲ್. ಮಾವ ಎರಡಕ್ಕೂ ಊದಿದರು. ತಾವು ಬದುಕು ಸಾಗಿಸಿದ್ದೇ ಅನಲಾಗಿನಲ್ಲಿ, ಅದೇ ಸರಿ ಎಂದು ತೀರ್ಪು ಕೊಟ್ಟರು. ನಾವು ಜೋಡಿಸಿದ ರೀತಿಯಲ್ಲಿ ಅದಕ್ಕೆ ತಿಳಿಯುತ್ತಿದ್ದದ್ದು ಸದ್ದು ಜೋರೋ ಮೆತ್ತಗೋ ಅಷ್ಟೇ. ಲಾರಿ ಹೋದರೆ ದೀಪ. ಪಕ್ಕದ ಮನೆಯ ಮಿಕ್ಸಿಗೆ ದೀಪ. ಮಾವ ಸೀನಿದರೆ ಎರಡು ಸಲ ದೀಪ! ದಿನವಿಡೀ ಗೇಟಿಗೆ ಓಡಾಡಿ ಸುಸ್ತಾದ ಅತ್ತೆ ಅಂದರು:

‘ನಿಮ್ಮ ದೀಪ ನನಗಿಂತ ಕಿವುಡು ಕಣ್ರೀ.’

ಸರಿ, ಡಿಜಿಟಲ್. ಅದು ಸದ್ದನ್ನು ಅಂಕಿಗಳಾಗಿಸಿ ಕೊಡುತ್ತದೆ. ಕೂಗು ಯಾವುದು, ಲಾರಿ ಯಾವುದು ಎಂದು ಬೋರ್ಡಿಗೆ ಕಲಿಸಬಹುದು. ಬಂದವರ ಕೂಗನ್ನೆಲ್ಲ ರೆಕಾರ್ಡ್ ಮಾಡಿಡಿ ಎಂದು ಹೇಳಿ ಬಂದೆ. ಮಾವ ವಾರವಿಡೀ ಬೀದಿಯನ್ನೇ ರೆಕಾರ್ಡ್ ಮಾಡಿದರು. ಕಲಿಸಿದೆ. ಲಾರಿ ಹೋಯಿತು, ದೀಪ ಹತ್ತಲಿಲ್ಲ. ಮಿಕ್ಸಿಗೂ ಇಲ್ಲ. ಹೂವಿನವಳು ‘ಅಕ್ಕೋ’ ಅಂದಳು. ಅದಕ್ಕೂ ಇಲ್ಲ!

ರೆಕಾರ್ಡು ಹಾಕಿ ಕೇಳಿದೆ. ಪ್ರತಿಯೊಬ್ಬರ ಬಾಯಲ್ಲೂ ಮಾವ ಮೊದಲು ‘ಹಲೋ ಹಲೋ ಮೈಕ್ ಟೆಸ್ಟ್’ ಹೇಳಿಸಿದ್ದರು. ಬೋರ್ಡು ಶ್ರದ್ಧೆಯಿಂದ ಅದನ್ನೇ ಕಲಿತಿತ್ತು.

‘ಟೆಸ್ಟ್ ಮಾಡದೆ ಯಾವನ್ಲಾ ರೆಕಾರ್ಡ್ ಮಾಡ್ತಾನೆ?’

ಮತ್ತೆ ಕಲಿಸುತ್ತೇನೆಂದೆ. ಬೇಡವೆಂದರು, ಬೋರ್ಡಿಗಿಂತ ಬೀದಿಗೆ ಕಲಿಸುವುದು ಸುಲಭವಂತೆ! ನಿಜವೇ ಆಯಿತು. ಈಗ ಹೂವಿನವಳು ‘ಹಲೋ ಹಲೋ ಮೈಕ್ ಟೆಸ್ಟ್, ಮಲ್ಲಿಗೆ ಅಕ್ಕೋ’ ಎನ್ನುತ್ತಾಳೆ. ಆ ಮಾತು ಹೇಳುವ ಖುಷಿಗೇ ಬರುವವರೂ ಇದ್ದಾರೆ. ಅತ್ತೆ ನಗುತ್ತಾ ಹೊರಗೆ ಬಂದು ಜಗಲಿಯಲ್ಲಿ ಕೂರುತ್ತಾರೆ.

ಮೊನ್ನೆ ಹೋದಾಗ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಕೂತಿದ್ದೆ. ದೀಪ ಹತ್ತಿ ಆರಿತು, ಕೂಡಲೇ ಇನ್ನೊಮ್ಮೆ ಹತ್ತಿತು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು, ‘ಇವ್ರು ಬಂದ್ರು.’

ಯಾರೆಂದು ಹೇಗೆ ಗೊತ್ತಾಯಿತೆಂದು ಕೈಸನ್ನೆಯಲ್ಲಿ ಕೇಳಿದೆ.

‘ಬೇರೆಯವರು ಒಂದ್ಸಲ ಹೇಳಿ ಕಾಯ್ತಾರೆ. ಇವ್ರು ನಾನು ಹೋಗೋಗಂಟ ಹೇಳ್ತಾನೇ ಇರ್ತಾರೆ.’

ಕಿಟಕಿಯಿಂದ ನೋಡಿದೆ. ಬೀಗವಿಲ್ಲದ ತಮ್ಮದೇ ಗೇಟಿನ ಹೊರಗೆ ನಿಂತು, ಮೈಕಿನತ್ತ ಬಗ್ಗಿ, ಮಾವ ಮೆತ್ತಗೆ ಏನೋ ಹೇಳುತ್ತಿದ್ದರು. ದೀಪ ಆರಿ ಮತ್ತೆ ಹತ್ತಿತು.